ಹತ್ತು ಹೆಜ್ಜೆ ಹಿಂದೆ

ಡಿ. ಹಿರೇಹಾಳಿನ ಓಬಮ್ಮನ ಬಾಯಿಗೆ ಹೆದರದವರು ಊರಲ್ಲಿ ಕಡಿಮೆ. ಉಣ್ಣೆ ವ್ಯಾಪಾರಿ ತೂಕದಲ್ಲಿ ಕೈಚಳಕ ತೋರಿಸಿದರೆ ಅವನ ತೆಲುಗಿನಲ್ಲೇ ಶುರುಮಾಡಿ ತನ್ನ ಕನ್ನಡದಲ್ಲಿ ಮುಗಿಸುತ್ತಿದ್ದಳು. ಅಂಥ ಹೆಂಗಸು ಗಂಡನ ಸಂಗಡ ದಾರಿಗಿಳಿದರೆ ಮಾತ್ರ ಬಾಯಿಗೆ ಬೀಗ. ಉಜ್ಜಿನಪ್ಪ ಮುಂದೆ, ಇವಳು ಹತ್ತು ಹೆಜ್ಜೆ ಹಿಂದೆ, ತಲೆ ಮೇಲೆ ಸೆರಗು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿದ್ದರು. ಗಂಡಹೆಂಡತಿ ಅಕ್ಕಪಕ್ಕ ಮಾತಾಡಿಕೊಂಡು ನಡೆಯುವುದು ಆ ಸೀಮೆಯಲ್ಲಿ ನಗೆಪಾಟಲಿನ ಸಂಗತಿ. ಗಂಡನನ್ನು ಬೀದಿಯಲ್ಲಿ ಕೂಗಿ ಕರೆಯುವುದಂತೂ ದೂರದ ಮಾತು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಒಂದು ಬೆಳಿಗ್ಗೆ ಉಜ್ಜಿನಪ್ಪ ಕುರಿಹಟ್ಟಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಆರು ವಾರ ಮಲಗಿಸಿದರು. ಎದೆಬೇನೆ ಬಂದವರಿಗೆ ಮಂಚವೇ ಮದ್ದು ಎನ್ನುತ್ತಿದ್ದ ದಿನಗಳು ಅವು. ಅಲ್ಲಿದ್ದ ಡಾಕ್ಟರು ಮಾತ್ರ ಬೇರೆ ವಿಚಾರದವರು. ಮನೆಗೆ ಕಳಿಸುವಾಗ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಇವನನ್ನು ಮಂಚದಲ್ಲಿ ಕೊಳೆಹಾಕಬೇಡಿ, ನಡೆಸಿ. ಊರಾಚೆ ಬಳ್ಳಾರಿ ರಸ್ತೆಯಲ್ಲಿ ಫರ್ಲಾಂಗು ಕಲ್ಲುಗಳಿವೆ. ಮೊದಲ ವಾರ ಒಂದು ಕಲ್ಲಿನವರೆಗೆ, ಆಮೇಲೆ ವಾರಕ್ಕೊಂದು ಕಲ್ಲು ಹೆಚ್ಚಿಗೆ. ಪಕ್ಕದಲ್ಲಿ ಒಬ್ಬರು ಮಾತಾಡಿಸುತ್ತಲೇ ಇರಬೇಕು. ಉತ್ತರ ಕೊಡುವಾಗ ಉಸಿರು ಸಾಲದಿದ್ದರೆ ಅಲ್ಲೇ ಕೂರಿಸಬೇಕು. ಓಬಮ್ಮ ಎಲ್ಲದಕ್ಕೂ ಹೌದ್ರಿ, ಹೌದ್ರಿ ಎಂದು ತಲೆಯಾಡಿಸಿದಳು.

ಮಗ ಓಬಳಪ್ಪ ಕುರಿ ಹೊಡೆದುಕೊಂಡು ವಲಸೆ ಹೋಗಿದ್ದ. ನಡೆಸಬೇಕಾದವಳು ಇವಳೊಬ್ಬಳೇ. ದಿನಾ ಬೆಳಿಗ್ಗೆ ಹೊರಟರು, ಒಂದು ಕಲ್ಲೂ ತಪ್ಪಿಸಲಿಲ್ಲ. ಆದರೆ ಹೇಗೆ ಹೊರಟರು? ಅವನು ಮುಂದೆ, ಇವಳು ಹತ್ತು ಹೆಜ್ಜೆ ಹಿಂದೆ, ತುಟಿ ಪಿಟಕ್ಕೆನ್ನದೆ. ರಸ್ತೆ ಬದಿಯ ಬೇವಿನ ಕಟ್ಟೆಯ ಮೇಲೆ ಊರ ಹಿರಿಯರೆಲ್ಲ ಕೂತಿರುತ್ತಿದ್ದರು. ಅವರೆದುರು ಗಂಡನ ಮಗ್ಗುಲಲ್ಲಿ ಹರಟುತ್ತಾ ಹೋಗುವುದುಂಟೇ? ಜೊತೆಗಿದ್ದರೆ ಸಾಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೂರನೇ ವಾರದ ಒಂದು ದಿನ ಉಜ್ಜಿನಪ್ಪನ ಹೆಜ್ಜೆ ಬಿರುಸಾಯಿತು. ಕಟ್ಟೆ ಹತ್ತಿರವಾದಂತೆ ಇನ್ನಷ್ಟು ಬಿರುಸಾಯಿತು. ಅವನ ಎಡಗೈ ಎದೆಯ ಕಡೆ ಹೋದದ್ದನ್ನು ಓಬಮ್ಮ ಕಣ್ಣಾರೆ ಕಂಡಳು. ನಿಲ್ಲು ಎನ್ನುವ ಮಾತು ಬಾಯಿಗೆ ಬಂತು. ಕಟ್ಟೆಯ ಕಡೆ ಒಮ್ಮೆ ನೋಡಿ ಅದನ್ನು ನುಂಗಿಕೊಂಡಳು. ಕಟ್ಟೆ ದಾಟಿ ಮೂರನೇ ಕಲ್ಲು ಮುಟ್ಟುವಷ್ಟರಲ್ಲಿ ಅವನು ಬಿದ್ದ.

ಮತ್ತೆ ಬಳ್ಳಾರಿ ಆಸ್ಪತ್ರೆಗೆ ಸಾಗಿಸಿದರು, ಜೀವ ಉಳಿಯಿತು. ಪಕ್ಕದಲ್ಲಿ ಇದ್ದೆಯಾ, ಮಾತಾಡಿಸುತ್ತಿದ್ದೆಯಾ ಎಂದು ಡಾಕ್ಟರು ಕೇಳಿದರು. ಇದ್ದೆ ಎಂದಳು ಓಬಮ್ಮ. ಬೀಳುವವರೆಗೂ ಚೆನ್ನಾಗಿಯೇ ಉತ್ತರ ಕೊಡುತ್ತಿದ್ದ ಎಂದೂ ಸೇರಿಸಿದಳು. ಡಾಕ್ಟರು, ಸುಳಿವು ಕೊಡದೆ ಕೈಕೊಡುವ ಗುಂಡಿಗೆಗೆ ನಡಿಗೆ ಒಗ್ಗುವುದಿಲ್ಲ ಎಂದರು. ಇನ್ನು ಮೇಲೆ ಅಂಗಳಕ್ಕೂ ಇಳಿಸಬಾರದು ಎಂದು ಕಟ್ಟುನಿಟ್ಟು ಮಾಡಿದರು.

ಹೊಳೆದಂಡೆಯವರೆಗೂ ಕುರಿಯ ಹಿಂದೆ ತಿರುಗಿದ್ದ ಕಾಲುಗಳು ತಿಂಗಳೊಪ್ಪತ್ತಿನಲ್ಲಿ ಬಡಿಗೆಯಂತಾದವು. ಎದ್ದು ಕೂರಲೂ ಒಬ್ಬರು ಬೆನ್ನು ಹಿಡಿಯಬೇಕಾಯಿತು. ತನ್ನ ಒಂದು ಸುಳ್ಳು ಗಂಡನನ್ನು ಮಂಚಕ್ಕೆ ಕಟ್ಟಿಹಾಕಿದೆ ಎಂದು ಓಬಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯ ಬೊಮ್ಮಕ್ಕ ಬಂದು, ನಿನ್ನಂಗ ಗಂಡನ್ನ ನೋಡಿಕೊಳ್ಳೋರು ಯಾರವ್ವ ಎಂದು ಹೊಗಳಿದಾಗ ನೆಲ ಬಾಯಿ ಬಿಡಬಾರದೇ ಎನಿಸಿತು. ಆ ಸಲ ವ್ಯಾಪಾರಿ ತೂಕದಲ್ಲಿ ರಾಜಾರೋಷವಾಗಿ ಮೋಸ ಮಾಡಿದರೂ ತುಟಿ ಎರಡು ಮಾಡಲಿಲ್ಲ. ಸುಳ್ಳು ಹೇಳಿದವಳು ಯಾವ ಬಾಯಿಂದ ಇನ್ನೊಬ್ಬರನ್ನು ಕಳ್ಳ ಅನ್ನುವುದು?

ಒಂದು ಸಂಜೆ ಉಜ್ಜಿನಪ್ಪ ತನ್ನ ಕಂಬಳಿ, ಕೋಲು ಎರಡನ್ನೂ ಮಗ ಬಂದಾಗ ಕೊಟ್ಟುಬಿಡು ಎಂದ. ಕುರುಬ ಬದುಕಿರುವ ತನಕ ಕೋಲು ಬಿಟ್ಟುಕೊಡುವುದಿಲ್ಲ. ಮಾರನೆಯ ಬೆಳಿಗ್ಗೆ ಓಬಮ್ಮ ಯಾರನ್ನೂ ಕೇಳದೆ ಗಾಡಿ ಕಟ್ಟಿಸಿ, ಬಸ್ಸು ಹತ್ತಿಸಿ, ಗಂಡನನ್ನು ಬಳ್ಳಾರಿಗೆ ಕರೆದೊಯ್ದಳು.

ಡಾಕ್ಟರೆದುರು ತೆಲುಗು ಮರೆತೇಹೋಯಿತು.

"ನಾ ಪಕ್ಕದಾಗ ಇರ್ಲಿಲ್ರಿ. ಹಿಂದಿದ್ದೆ. ಮಾತೂ ಆಡಿಸಿಲ್ಲ. ಎದಿ ಹಿಡಕೊಂಡಿದ್ದು ನೋಡಿದೆ, ಮಂದಿ ನೋಡ್ತಾರಂತ ಸುಮ್ಕಾದೆ. ನಿಮ್ಮ ಮುಂದ ಸುಳ್ಳು ಹೇಳಿದೆ."

ಡಾಕ್ಟರು ರೇಗಿದರು. ನಿನ್ನ ಮಾತು ನಂಬಿ ನಲವತ್ತು ದಿನ ಇವನನ್ನು ಮಲಗಿಸಿದೆನಲ್ಲ ಎಂದು ಅವಳ ಜೊತೆ ತಮ್ಮನ್ನೂ ಬೈದುಕೊಂಡರು. ಆಗ ಉಜ್ಜಿನಪ್ಪ ನಿಧಾನವಾಗಿ ಬಾಯಿ ಬಿಟ್ಟ.

"ಅಕಿ ಒಬ್ಬಾಕಿನ್ನ ಬೈಬ್ಯಾಡ್ರಿ. ಸುಳ್ಳು ಹೇಳೋವಾಗ ನಾನೂ ಅಲ್ಲೇ ಇದ್ನಲ್ಲ. ಕಟ್ಟಿ ಮುಂದ ಅಕಿ ಎಲ್ಲಿ ಮಗ್ಗಲಿಗೆ ಬಂದುಬಿಡ್ತಾಳೋ ಅಂತ ನಾನೇ ಬಿರಬಿರ ನಡದೆ."

ಈ ಮಾತಿನಿಂದ ಓಬಮ್ಮನ ಎದೆ ಹಗುರಾಗಲಿಲ್ಲ. ತಪ್ಪು ಇಬ್ಬರದಾದರೂ ಅವಳ ಪಾಲು ಅವಳದೇ ಆಗಿತ್ತು.

ಡಾಕ್ಟರು ಅವತ್ತೇ ಆಸ್ಪತ್ರೆಯ ವರಾಂಡದಲ್ಲಿ ಅವನನ್ನು ಎದ್ದು ನಿಲ್ಲಿಸಿದರು. ಓಬಮ್ಮನನ್ನು ಅವನ ಪಕ್ಕಕ್ಕೇ ನಿಲ್ಲಿಸಿ ಮಾತಾಡು ಎಂದರು. ಬೆಂಚುಗಳ ಮೇಲೆ ರೋಗಿಗಳು ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆದರೂ ಅವಳಿಗೆ ಏನು ಕೇಳಬೇಕೋ ತೋಚಲಿಲ್ಲ. ಕೊನೆಗೆ ಮನಸ್ಸಿನಲ್ಲಿ ನಲವತ್ತು ದಿನದಿಂದ ಕುದಿಯುತ್ತಿದ್ದ ಒಂದೇ ಪ್ರಶ್ನೆ ಹೊರಬಂತು.

"ಅವತ್ತು ನಾ ಕರದಿದ್ರ ನಿಲ್ತಿದ್ದಿಯೇನು?"

ಉಜ್ಜಿನಪ್ಪ ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟ.

"ಬೈತಿದ್ದೆ," ಅಂದ. "ಆದ್ರ ನಿಲ್ತಿದ್ದೆ."

ಅಷ್ಟು ಜನರ ಎದುರೇ ಓಬಮ್ಮ ಗಳಗಳ ಅತ್ತಳು. ಅಳುತ್ತಲೇ ವರಾಂಡದ ಕೊನೆಯವರೆಗೂ ಅವನ ಪಕ್ಕದಲ್ಲೇ ನಡೆದಳು.