ಸಮುದ್ರ ಮನೆಯಲ್ಲಿರಲಿಲ್ಲ

ಮೊಮ್ಮಗಳು ಚೌಕಾಬಾರಕ್ಕೆಂದು ಕವಡೆಗಳನ್ನು ಹುಡುಕಿ ತಂದು ನೆಲದ ಮೇಲೆ ಸುರಿದಳು. ಆ ಸದ್ದಿಗೆ ತುಮಕೂರಿನ ಈ ಹಜಾರ ಮರೆತು, ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ನೆನಪಾಯಿತು.

ಅದಕ್ಕೂ ಮೊದಲು ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದೆ. ಉಬ್ಬರ ಇಳಿತದ ಪಾಠವನ್ನು ಎಂಟು ವರ್ಷ ಮಾಡಿದ್ದೆ. ಬೋರ್ಡಿನ ಮೇಲೆ ಭೂಮಿ, ಚಂದ್ರ, ಎರಡು ಬಾಣ ಬರೆದರೆ ಮುಗಿಯಿತು, ಸಮುದ್ರ ನನ್ನ ಮಾತು ಕೇಳುತ್ತಿತ್ತು. ಅದನ್ನು ನೀವು ನೋಡಿದ್ದೀರಾ ಎಂದು ಮಕ್ಕಳು ಕೇಳಲಿಲ್ಲ, ನೋಡಿಲ್ಲವೆಂದು ನಾನಾಗಿ ಹೇಳುವಷ್ಟು ಪೆದ್ದನಾಗಿರಲಿಲ್ಲ. ಆಮೇಲೆ ಕೀನ್ಯಾದಲ್ಲಿ ಕೆಲಸ ಸಿಕ್ಕಿತಾದರೂ ಶಾಲೆ ಇದ್ದದ್ದು ಗುಡ್ಡಗಾಡಿನಲ್ಲಿ. ಮೊದಲ ರಜೆಗೆ ನಾನೂ ನನ್ನ ಹೆಂಡತಿ ಶಾರದೆಯೂ ಬಸ್ಸು ಬದಲಿಸುತ್ತಾ ವಟಾಮು ಎಂಬ ಕಡಲೂರಿಗೆ ಹೋದೆವು. ಶಾರದೆ ಕುಣಿಗಲಿನವಳು. ಅವಳು ಕಂಡ ದೊಡ್ಡ ನೀರೆಂದರೆ ಅಲ್ಲಿನ ಕೆರೆ.

ಊರು ನಿದ್ದೆಯಲ್ಲಿತ್ತು. ದಡಕ್ಕೆ ಬಂದು ನೋಡಿದರೆ ಸಮುದ್ರವೇ ಇಲ್ಲ! ಒದ್ದೆ ಮರಳು, ಪಾಚಿ, ಪಕ್ಕಕ್ಕೆ ಒರಗಿದ ದೋಣಿಗಳು, ಬಲು ದೂರದಲ್ಲಿ ಒಂದು ಬಿಳಿ ಗೆರೆ.

"ರೀ, ಇದೇನಾ ನೀವು ಹೇಳಿದ್ ಸಮುದ್ರ?"

ಇದು ಇಳಿತ ಎಂದು ವಿವರಿಸಿದೆ, ನಾನೇ ನಿಂತು ನೀರು ಖಾಲಿ ಮಾಡಿಸಿದವನ ಹಾಗೆ. ಆ ಗೆರೆಯವರೆಗೂ ಹೋಗೋಣವೆಂದವನೂ ನಾನೇ. ಚಪ್ಪಲಿ ಕೈಯಲ್ಲಿ ಹಿಡಿದು ಸಮುದ್ರದ ನೆಲದ ಮೇಲೆ ನಡೆದೆವು. ಹೊಂಡಗಳಲ್ಲಿ ನೀಲಿ ಮೀನು, ಕಾಲಡಿಯಲ್ಲಿ ಕವಡೆ. ದೇವರ ಮನೆಗೆ ಬಂದವಳಂತೆ ಶಾರದೆ ದನಿ ತಗ್ಗಿಸಿದ್ದಳು.

ಚಿಪ್ಪು ಆಯುತ್ತಿದ್ದ ಹೆಂಗಸೊಬ್ಬಳು "ಮಾಜಿ, ಮಾಜಿ" ಎನ್ನುತ್ತಾ ನಮ್ಮ ಬೆನ್ನ ಹಿಂದೆ ಕೈ ತೋರಿಸಿದಳು. ನನಗೆ ಗೊತ್ತಿದ್ದ ಮಾಜಿ ಎಂದರೆ ಮಾಜಿ ಅಧ್ಯಕ್ಷರು. ಅವರ ಭಾಷೆಯಲ್ಲಿ ಅದು ನೀರು. ಮುಂದಿನಿಂದ ಬರುತ್ತದೆಂದು ನಾನು ನಂಬಿದ್ದ ನೀರು ಸದ್ದಿಲ್ಲದೆ ತಗ್ಗು ಹಿಡಿದು ಸುತ್ತಿ ಬಂದು, ನಮಗೂ ದಡಕ್ಕೂ ನಡುವೆ ಹರಿಯುತ್ತಿತ್ತು. ಆಕೆ ಓಡಿಬಂದು ಶಾರದೆಯ ಕೈ ಹಿಡಿದಳು, ಶಾರದೆ ನನ್ನ ಕೈ. ಆಕೆಗೆ ಮಾತ್ರ ಗೊತ್ತಿದ್ದ ದಿಬ್ಬದ ಮೇಲೆ, ಸೊಂಟದುದ್ದ ನೀರಿನಲ್ಲಿ ದಡ ಸೇರಿದೆವು. ಆಕೆಯ ಬುಟ್ಟಿ ನೀರುಪಾಲಾಗಿತ್ತು. ಬಟ್ಟೆಯ ಗಂಟಿನಲ್ಲಿ ಉಳಿದಿದ್ದ ಹಿಡಿ ಕವಡೆಯನ್ನು ಶಾರದೆಯ ಕೈಗೆ ಹಾಕಿ, ನಕ್ಕು ಹೊರಟುಹೋದಳು.

ಸಂಜೆಯವರೆಗೂ ಮೋಟುಗೋಡೆಯ ಮೇಲೆ ಕೂತಿದ್ದೆವು. ನಾವು ನಡೆದ ಜಾಗವೆಲ್ಲ ತುಂಬಿತು. ಒರಗಿದ್ದ ದೋಣಿಗಳು ಒಂದೊಂದಾಗಿ ಎದ್ದು ನಿಂತವು.

"ಇಷ್ಟು ದೊಡ್ಡದು ದಿನಾ ಎರಡು ಸಲ ಎದ್ದೋಗಿ ಬರ್ತದೆ. ನಾವು ಹುಟ್ಟೋಕೂ ಮುಂಚಿಂದ," ಎಂದಳು ಶಾರದೆ. ನನ್ನ ಹತ್ತಿರ ವಿವರಣೆ ಇತ್ತು. ಅದನ್ನು ಬಿಟ್ಟು, ಎದ್ದು ನಿಂತ ದೋಣಿಗಳನ್ನು ಎಣಿಸಿದೆ.

ಈಗ ಕಾಫಿ ತಂದಿಟ್ಟ ಶಾರದೆ ನೆಲದ ಮೇಲಿದ್ದ ಅದೇ ಕವಡೆಗಳನ್ನು ನೋಡಿ, "ಈ ಹೊತ್ತಲ್ಲಿ ಅಲ್ಲಿ ನೀರು ಬಂದಿರುತ್ತಾ ರೀ?" ಎಂದಳು. ಲೆಕ್ಕ ಹಾಕಿ ಹೇಳಬಹುದಿತ್ತು.

"ಗೊತ್ತಿಲ್ಲ ಕಣೇ," ಎಂದೆ.

ಅವಳು ಪಕ್ಕದಲ್ಲಿ ಕೂತಳು. ಇಬ್ಬರೂ ಬೀದಿಯ ಕಡೆ ನೋಡುತ್ತಾ, ಸಮುದ್ರ ಬರಲೆಂದು ಕಾಯುವವರ ಹಾಗೆ ಕಾಫಿ ಕುಡಿದೆವು.