ದೊಡ್ಡ ವೇಷ ಕೊನೆಗೇ ಬರುವುದು

ಗುರುವಣ್ಣನ ಸುದ್ದಿ ಹೇಳಲಿಕ್ಕೆ ಕೂತರೆ ನನಗೆ ನನ್ನ ಮೇಲೆಯೇ ಸಿಟ್ಟು ಬರ್ತದೆ. ಆದರೂ ಹೇಳ್ತೇನೆ.

ಉಡುಪಿ ಕಡೆಯವರು. ಹದಿನೈದು ವರ್ಷ ಯಕ್ಷಗಾನ ಮೇಳದ ಚೌಕಿಯಲ್ಲಿ ವೇಷಧಾರಿಗಳಿಗೆ ಬಟ್ಟೆ ಕಟ್ಟಿದವರು. ಬಿಡುವಾದಾಗ ರಂಗಸ್ಥಳದ ಪಕ್ಕ ನಿಂತು ವೇಷ ನೋಡುವುದು ಬಿಟ್ಟು ಆಟ ನೋಡುವ ಜನರ ಮುಖ ನೋಡುತ್ತಿದ್ದರಂತೆ. ಎಂತ ಹುಚ್ಚೋ! ಎಂಬತ್ತನಾಲ್ಕರಲ್ಲಿ ಒಮಾನಿನ ಮತ್ರಾಕ್ಕೆ ಬಂದು ನಾನಿದ್ದ ಹೋಟೆಲಿನಲ್ಲೇ ಪಾತ್ರೆ ತೊಳೆದರು. ತೊಂಬತ್ತರಲ್ಲಿ ಕುವೈತಿನ ಗಲಾಟೆ ಶುರುವಾದ ಮೇಲೆ ನಮಗೆ ವೀಸಾ ಕೊಟ್ಟ ಕಫೀಲ್ ನಮ್ಮಿಬ್ಬರನ್ನೂ ಇಬ್ರಾದಾಚೆ ಮರುಭೂಮಿಯಲ್ಲಿದ್ದ ಅಮೆರಿಕನ್ ಸಿಪಾಯಿಗಳ ಕ್ಯಾಂಪಿಗೆ ಕಳಿಸಿದ, ಅಡುಗೆಮನೆ ಕೆಲಸಕ್ಕೆ.

ಅಲ್ಲಿ ಡೇನಿಯಲ್ ಅಂತ ಕನ್ನಡಕದ ಸಿಪಾಯಿ ಒಬ್ಬ. ಟ್ರಕ್ ಮಗುಚಿ ಅವನ ಜೊತೆಗಾರ ಸತ್ತಿದ್ದ. ಆಮೇಲೆ ಮಾತಿಲ್ಲ, ನಗುವಿಲ್ಲ. ಗುರುವಣ್ಣ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದರೂ ತಟ್ಟೆ ಹಾಗೆಯೇ ವಾಪಸ್.

ಆಗ ಸುದ್ದಿ ಬಂತು: ಅಮೆರಿಕದಿಂದ ಭಾರೀ ಹೆಸರಿನ ಹಾಸ್ಯಗಾರನೊಬ್ಬ ಸಿಪಾಯಿಗಳನ್ನು ನಗಿಸಲಿಕ್ಕೆ ಬರ್ತಾನಂತೆ. "ಡೇನಿಯಲ್ ನಗ್ತಾನಾ ಇಲ್ವಾ, ಅದೊಂದು ನನಗೆ ನೋಡ್ಬೇಕು ಮಾರಾಯ," ಅಂದರು ಗುರುವಣ್ಣ.

ಅಡುಗೆಮನೆಯ ಯಜಮಾನ ಹಸೈನಾರ್ ಸುಲಭಕ್ಕೆ ಬಿಡುವವನಲ್ಲ. ಒಬ್ಬ ಹೋದರೆ ಇನ್ನೊಬ್ಬ ಪಾತ್ರೆ ತೊಳೆಯಬೇಕು. ಆಟ ಸಂಜೆ ನಾಲ್ಕಕ್ಕೆ. "ನೀವೇ ಮೊದಲು ಹೋಗಿ," ಅಂದೆ.

"ಮೊದಲು ಹೋದರೆ ಎಂತ ಸಿಗ್ತದೆ ಪೀಟರ್? ಬಾಲಗೋಪಾಲ ವೇಷ ಕುಣಿದು ಹೋಗ್ತದೆ, ಅಷ್ಟೇ. ದೊಡ್ಡ ವೇಷ ಕೊನೆಗೇ ಬರುವುದು. ನೀನು ಮೊದಲು ನೋಡಿ ಬಾ, ಆಮೇಲೆ ನಾನು ಹೋಗ್ತೇನೆ."

ಚಾಪೆ ಹಾಸಿ ರಾತ್ರಿಯಿಡೀ ಆಟ ನೋಡಿ ಬೆಳೆದವನು ನಾನು. ನನಗೂ ಸರಿ ಅಂತಲೇ ಕಂಡಿತು.

ನಾಲ್ಕಕ್ಕೆ ಸರಿಯಾಗಿ ಮೊದಲು ವೇದಿಕೆ ಹತ್ತಿದವನೇ ಆ ಹಾಸ್ಯಗಾರ! ಆಫೀಸರನ ಟೊಪ್ಪಿ ಕಸಿದು ತಲೆಗಿಟ್ಟು, ಅವನ ಹಾಗೆಯೇ ನಡೆದು ಎಡವಿದ. ಇಂಗ್ಲಿಷ್ ಅರ್ಧ ತಿಳಿಯದಿದ್ದರೂ ಹೊಟ್ಟೆ ಹಿಡಿದು ನಕ್ಕೆ. ಗುರುವಣ್ಣನನ್ನು ಕರೆಯಬೇಕು ಅಂತ ನನ್ನ ಮಂಡೆಗೆ ಹೋಗಲೇ ಇಲ್ಲ. ನಲವತ್ತು ನಿಮಿಷ, ಖಲಾಸ್. ಹೆಲಿಕಾಪ್ಟರ್ ಹತ್ತಿ ಮುಂದಿನ ಕ್ಯಾಂಪಿಗೆ ಹೋದ.

ಗುರುವಣ್ಣ ಇಸ್ತ್ರಿ ಅಂಗಿ ಹಾಕಿ ಬರುವಾಗ ಸಿಪಾಯಿಗಳು ಕುರ್ಚಿ ಮಡಚುತ್ತಿದ್ದರು. ಹಾಸ್ಯಗಾರನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಡೇನಿಯಲ್ ನಕ್ಕನಾ?"

ಡೇನಿಯಲ್ ನನ್ನಿಂದ ಎರಡೇ ಸಾಲು ಮುಂದೆ ಕೂತಿದ್ದ. ನಾನು ಒಮ್ಮೆಯೂ ಅತ್ತ ನೋಡಿರಲಿಲ್ಲ.

"ನಕ್ಕ," ಅಂದೆ.

"ಹೇಗೆ ನಕ್ಕ? ಬಾಯಿ ತೆರೆದಾ, ಮುಚ್ಚಿಯಾ?"

ನಾನು ತಡವರಿಸಿದೆ. ಅವರು ಒಳಗೆ ಹೋದರು. ಮರುದಿನ ಬೆಳಿಗ್ಗೆ ಡೇನಿಯಲನ ತುಕಡಿ ಉತ್ತರಕ್ಕೆ ಹೊರಟಿತು. ಮತ್ತೆ ಅವನ ಸುದ್ದಿಯಿಲ್ಲ.

ತೊಂಬತ್ತೇಳರಲ್ಲಿ ಬರ್ಕಾದ ಮಾರ್ಕೆಟಿನಲ್ಲಿ ಗುರುವಣ್ಣ ಸಿಕ್ಕಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗೆ ತಡೆಯಲಾಗಲಿಲ್ಲ. "ಗುರುವಣ್ಣ, ಅವತ್ತು ನಾನು ಡೇನಿಯಲನನ್ನು ನೋಡಲೇ ಇಲ್ಲ," ಅಂದೆ.

ಬಯ್ಯುತ್ತಾರೆ ಅಂತಿದ್ದೆ. ಅವರ ಮುಖ ಅರಳಿತು. "ಹಾಗಾದರೆ ನಕ್ಕಿರಲೂಬಹುದು," ಅಂದರು. "ನೀನು ತಡವರಿಸಿದ್ದು ನೋಡಿ, ಅವನು ನಗಲೇ ಇಲ್ಲ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ."