ಹುಲ್ಲು ಬಿತ್ತಿದ ಹೊಲ

ಹಸಿ ಜೋಳದ ದಂಟು ಹೇರಿಕೊಂಡ ಟ್ರ್ಯಾಕ್ಟರೊಂದು ಇವತ್ತು ಬೆಳಿಗ್ಗೆ ಹೊಸದುರ್ಗದ ರಸ್ತೆಯಲ್ಲಿ ನನ್ನ ಬೈಕನ್ನು ದಾಟಿ ಹೋಯಿತು. ನಿಮಗೆ ಆ ವಾಸನೆ ಹಿತವಾಗಿಯೇ ಇದ್ದೀತು. ನಾನು ಮಾತ್ರ ಬೈಕು ನಿಲ್ಲಿಸಿ, ಗಾಳಿ ತಿಳಿಯಾಗುವವರೆಗೂ ಕಾದೆ. ಬಿ.ಎಸ್ಸಿ. ಓದಿದವನು ದಂಟಿಗೆ ಹೆದರುತ್ತಾನಲ್ಲ ಎಂದು ನಗಬಹುದು, ಬೇಜಾರಿಲ್ಲ.

ಮತ್ತೋಡಿನ ಹತ್ತಿರ ನಮ್ಮ ಚಿಕ್ಕಮ್ಮನಿಗೆ ಒಂದು ಹೊಲವಿದೆ, ಒಂದು ಹಿಂಡು ಕುರಿ ಇದೆ. ಎರಡು ವರ್ಷದ ಹಿಂದೆ ಆ ಹೊಲದಲ್ಲಿ ಜೋಳ ಕೊಯ್ದ ಮೇಲೆ ಸಣ್ಣ ಮಳೆ ಬಂದು, ನೆಲದಲ್ಲುಳಿದ ಕೂಳೆಗಳೆಲ್ಲ ಚಿಗುರಿದವು. ಆಮೇಲೆ ಬಿಸಿಲು ಕಾಯಿತು. ಬಾಡಿದ ಕೂಳೆ ಚಿಗುರು ಕುರಿಗೆ ವಿಷವೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಚಿಕ್ಕಮ್ಮ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದಳು. ಆದರೆ ನಾಯಿಗಳು ಅಟ್ಟಿಸಿಕೊಂಡು ಬಂದಾಗ ಹಿಂಡು ಬೇಲಿ ಮುರಿದು ಒಳಗೆ ನುಗ್ಗಿತು.

ನಾನು ಬದುವಿನ ಮೇಲೇ ಇದ್ದೆ. ಮೊದಲು ಒಂದು ಕುರಿ ನಿಂತಲ್ಲೇ ನಡುಗಿತು. ಬಾಯಲ್ಲಿ ನೊರೆ. ಏನನ್ನೋ ಮರೆತು ನೆನಪಿಸಿಕೊಳ್ಳುತ್ತಿರುವಂತೆ ಮುಂಗಾಲು ಮಡಿಸಿ ಕುಳಿತು, ಹಾಗೆಯೇ ಮಗ್ಗುಲಾಯಿತು. ಆಮೇಲೆ ಅದರ ಪಕ್ಕದ್ದು. ಚಿಕ್ಕಮ್ಮ ಉಳಿದವನ್ನು ಹೊರಗಟ್ಟುತ್ತಿದ್ದಳು. ನಾನು ಬಿದ್ದದ್ದರ ದವಡೆ ಹಿಡಿದು ಬೆಲ್ಲದ ನೀರು ಹಾಕುತ್ತಿದ್ದೆ. ನೀರು ಒಳಗೆ ಹೋಗಲಿಲ್ಲ. ದನದ ಡಾಕ್ಟರು ಬಂದು ಸೂಜಿ ಹಾಕುವಷ್ಟರಲ್ಲಿ ಅರ್ಧ ಹಿಂಡು ಹೋಗಿತ್ತು. ಆ ದವಡೆಯ ಬಿಸಿ ಈಗಲೂ ಕೈಯಲ್ಲಿದೆ.

ಚಿಕ್ಕಮ್ಮನ ಮೈದುನ ತಿಪ್ಪಣ್ಣ ಮರುವಾರವೇ ಬಂದ. ಉಳಿದ ಕುರಿ ಮಾರಿ ಮೆಕ್ಕೆಜೋಳ ಹಾಕು ಎಂದ. ಚಿಕ್ಕಮ್ಮ, ಹುಲ್ಲು ಬಿತ್ತುತ್ತೇನೆ ಎಂದಳು. ನಮ್ಮ ಕಡೆ ಜಗಳವಾಡುವಾಗ ನಿನ್ನ ಮನೆಯಲ್ಲಿ ಹುಲ್ಲು ಹುಟ್ಟಲಿ ಎಂದೇ ಬೈಯುವುದು. ಜೀವಮಾನವೆಲ್ಲ ಕಳೆ ಕಿತ್ತವರಿಗೆ ಇದನ್ನು ಹೇಗೆ ಒಪ್ಪಿಸುತ್ತೀರಿ?

"ಜನ ಹುಲ್ಲು ಕೀಳಾಕೆ ಕೂಲಿ ಕೊಡ್ತಾರೆ. ತಲೆ ಸರಿ ಐತಾ ಅತ್ತಿಗೆ?" ಎಂದ ತಿಪ್ಪಣ್ಣ.

"ಕುರಿ ಮಾರಿ ಮೆಕ್ಕೆಜೋಳ ಹಾಕಿ ಏನು ಮಾಡ್ಲಪ್ಪ, ನಿನ್ನ ಮೇಯಿಸ್ಲಾ?"

ಬೇಸಿಗೆಯಲ್ಲಿ ಹೊಲ ಉತ್ತು, ಕೂಳೆಗಳನ್ನು ಒಂದೊಂದಾಗಿ ಆಯ್ದು ಸುಟ್ಟೆವು. ಚಿಕ್ಕಮ್ಮ ತರಿಸಿದ್ದು ಅಂಜನ ಹುಲ್ಲು, ಬಾಡಿದರೂ ಕುರಿಗೆ ವಿಷವಾಗದ್ದು; ಅದರ ಬೀಜ ಹತ್ತಿಯ ಹಾಗೆ ಹಗುರ. ಕೈ ಬಿಚ್ಚಿದರೆ ಪಕ್ಕದವರ ಹೊಲಕ್ಕೆ ಹಾರುತ್ತದೆ. ಅರ್ಧ ಬೀಜ ಹಾಗೇ ಹಾರಿಸಿದವನು ನಾನು. ಆಮೇಲೆ ಬೀಜಕ್ಕೆ ಹಸಿ ಮಣ್ಣು, ಜರಡಿ ಹಿಡಿದ ಗೊಬ್ಬರ ಕಲಸಿ, ಮುಂಗಾರಿನ ಹದ ನೋಡಿ ಚೆಲ್ಲಿದೆವು. ಅದನ್ನು ಆಳಕ್ಕೆ ಮುಚ್ಚಬಾರದು, ಸುಮ್ಮನೆ ನೆಲಕ್ಕೆ ಒತ್ತಬೇಕು. ಅದಕ್ಕೆ ಕುರಿಯ ಗೊರಸೇ ಸರಿ ಎಂದು ಚಿಕ್ಕಮ್ಮ ಹಿಂಡು ಹೊಡೆದುಕೊಂಡು ಬಂದಳು. ಅದೇ ಹೊಲಕ್ಕೆ.

ಎತ್ತು ಕಟ್ಟಿ ಹಲಗೆ ಎಳೆಸಿ ನೆಲ ಒತ್ತಿಸೋಣ, ಕುರಿ ಬೇಡ ಎಂದು ನಾನು ಬೇಲಿಗೆ ಅಡ್ಡ ನಿಂತೆ.

"ಕುರಿ ಹೆದರಿಲ್ಲ ಕಣಪ್ಪ, ಹೆದರಿರೋನು ನೀನು," ಎಂದಳು. "ಇರೋವು ಇಷ್ಟೇ. ಇವೂ ಹೋದ್ರೆ ನಂಗೆ ಬದುಕಿಲ್ಲ, ಗೊತ್ತೈತೆ. ಹಂಗಂತ ಬೇಲಿ ಆಚೆನೇ ಕುಂತ್ಕಳ್ಳಾಕೆ ಆಯ್ತದಾ? ಮುಂದೆ ನಡಿ."

ನಡೆದೆ. ಹಿಂದೆ ಗೊರಸಿನ ಸದ್ದು. ಪ್ರತಿ ಹೆಜ್ಜೆಗೂ ತಿರುಗಿ ಕುರಿಗಳ ಬಾಯಿಯನ್ನೇ ನೋಡುತ್ತಿದ್ದೆ. ಒಂದೂ ಬೀಳಲಿಲ್ಲ.

ಮೊದಲ ವರ್ಷ ಬೇರು ಬಲಿಯಲಿ ಎಂದು ಹುಲ್ಲು ಕೊಯ್ದು ಹಾಕಿದೆವೇ ಹೊರತು ಮೇಯಿಸಲಿಲ್ಲ. ಮೇಯಲು ಬಿಡುವುದು ಇವತ್ತೇ ಮೊದಲು. ನಾನು ಹೋಗುವಷ್ಟರಲ್ಲಿ ತಿಪ್ಪಣ್ಣ ಬದುವಿನ ಮೇಲೆ ನಿಂತು, ಏನಾಗುತ್ತದೋ ನೋಡೋಣ ಎಂಬಂತೆ ಬೀಡಿ ಹಚ್ಚುತ್ತಿದ್ದ. ಚಿಕ್ಕಮ್ಮ ಅವನತ್ತ ತಿರುಗಲೂ ಇಲ್ಲ. ನಾನೇ ಹೋಗಿ ಮುಳ್ಳು ಸರಿಸಿದೆ. ಕುರಿಗಳು ಮೊಣಕಾಲೆತ್ತರದ ಹುಲ್ಲಿಗೆ ಬಾಯಿ ಹಾಕಿದವು. ಹುಲ್ಲು ಹರಿಯುವ ಚರಚರ ಸದ್ದು ಹೊಲದ ತುಂಬ ಹರಡಿತು.

ನಾನು ತಿಪ್ಪಣ್ಣನ ಪಕ್ಕದಲ್ಲಿ, ಈ ಸಲ ತಿರುಗಿ ನೋಡದೆ, ಹಿಂಡಿಗೆ ಬೆನ್ನು ಹಾಕಿ ಆ ಸದ್ದು ಕೇಳುತ್ತ ಕುಳಿತೆ.